ಈ ಮಳೆಗಾಲ ನಿಮ್ಮ ಸಭಾಗೃಹದ ಬೀಗ ತೆಗೆಯಿರಿ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಪದಾಧಿಕಾರಿಗಳಿಗೆ,

ಮಾನ್ಯರೇ, ಸಾದರ ನಮಸ್ಕಾರಗಳು.

ನಾನು ಈ ಊರಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಮಾಸ್ತರನಾಗಿದ್ದು ನಿವೃತ್ತನಾದವನು. ನಿಮ್ಮಲ್ಲಿ ಹಲವರಿಗೆ ನನ್ನ ಮುಖ ಗೊತ್ತಿರಬಹುದು. ನಿಮ್ಮ ರಾಜ್ಯೋತ್ಸವಗಳಲ್ಲಿ ಮಕ್ಕಳಿಂದ ನಾಡಗೀತೆ ಹಾಡಿಸಿದ್ದೇನೆ. ನಿಮ್ಮ ಯಕ್ಷಗಾನಗಳನ್ನು ಬೆಳಗಿನ ಜಾವದವರೆಗೂ ಕೂತು ನೋಡಿದ್ದೇನೆ. ಇವತ್ತು ಬರೆಯುತ್ತಿರುವುದು ಘಾಟ್‌ಕೋಪರ್, ವಿಖ್ರೋಳಿ ಕಡೆಯ ಗುಡ್ಡದ ಮೇಲೆ, ಮಳೆಗಾಲದಲ್ಲಿ ಗುಡ್ಡ ಜಾರುವ ಭಯದಲ್ಲಿ ಇರುವ ಜನರ ಬಗ್ಗೆ. ಅಲ್ಲಿ ನಮ್ಮ ಭಾಷೆ ಆಡುವವರೂ ಇದ್ದಾರೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರು. ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಗೆ ಕರೆಯುವ ಚೌಕದಲ್ಲಿ, ನಿಂತು ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಹಿಡಿದು ಹೋಗುವವರು. ನನ್ನ ತರಗತಿಯಲ್ಲಿ ಕೂತಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವರ ಮನೆಯವರೇ.

ಮೊದಲು ಒಂದು ಮನೆ ತೋರಿಸುತ್ತೇನೆ. ಅದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಯ ಮನೆ. ರಸ್ತೆಯಿಂದ ನೂರಾ ಎಂಬತ್ತು ಮೆಟ್ಟಿಲು ಹತ್ತಬೇಕು. ಮಳೆ ಬಂದಾಗ ಆ ಮೆಟ್ಟಿಲೇ ಗಟಾರ. ಮನೆ ಹತ್ತಡಿಗೆ ಹನ್ನೆರಡಡಿ. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ತಗಡು, ತಗಡಿನ ಮೇಲೆ ನೀಲಿ ತಾಡಪತ್ರಿ. ನಾಲ್ಕನೆಯ ಗೋಡೆ ಗುಡ್ಡವೇ. ಗುಡ್ಡ ಕಡಿದು, ಆ ಮೊರಮ್ಮಿನ ಮೇಲೆ ಒಂದು ಕೈ ಸಿಮೆಂಟು ಬಳಿದಿದ್ದಾರೆ, ಅಷ್ಟೆ. ಜುಲೈನಲ್ಲಿ ಆ ಗೋಡೆ ಮುಟ್ಟಿದರೆ ಅಂಗೈ ಒದ್ದೆಯಾಗುತ್ತದೆ. ಗೋಡೆಯ ಬುಡದಲ್ಲಿ ಎರಡು ಬೆರಳಗಲದ ಕಾಲುವೆ ಕೊರೆದಿದ್ದಾರೆ. ಗುಡ್ಡದಿಂದ ಒಸರುವ ನೀರು ಅದರಲ್ಲಿ ಹರಿದು ಬಾಗಿಲ ಕೆಳಗಿಂದ ಹೊರಗೆ ಹೋಗುತ್ತದೆ. ಆ ತಾಯಿ ಮಳೆಗಾಲದಲ್ಲಿ ರಾತ್ರಿ ಎರಡು ಮೂರು ಸಲ ಎದ್ದು ಟಾರ್ಚ್ ಹಾಕಿ ಆ ನೀರು ನೋಡುತ್ತಾರೆ. ತಿಳಿಯಾಗಿದ್ದರೆ ಮತ್ತೆ ಮಲಗುತ್ತಾರೆ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಾರೆ. ಯಾವ ಶಾಲೆಯಲ್ಲೂ ಇದನ್ನು ಅವರಿಗೆ ಕಲಿಸಿಲ್ಲ. ಆದರೆ ಗುಡ್ಡ ಕುಸಿತ ಓದಿದವರೂ ಹೇಳುವುದು ಇದನ್ನೇ. ಒಸರು ನೀರು ಇದ್ದಕ್ಕಿದ್ದಂತೆ ಕದಡಿದರೆ ಒಳಗಿನ ಮಣ್ಣು ಬಿಟ್ಟುಕೊಳ್ಳುತ್ತಿದೆ ಅಂತ ಅರ್ಥ.

ಆ ಮನೆಯಿಂದ ನಾಲ್ಕು ಮನೆ ಆಚೆ ಸಾರ್ವಜನಿಕ ಶೌಚಾಲಯ ಇದೆ. ಅದರ ಗೋಡೆಗೆ ಪ್ರತಿ ವರ್ಷ ಜೂನ್ ಹೊತ್ತಿಗೆ ಒಂದು ನೋಟಿಸು ಬರುತ್ತದೆ. ಮರಾಠಿಯಲ್ಲಿರುತ್ತದೆ. ಇದು ಅಪಾಯದ ಜಾಗ, ಸುರಕ್ಷಿತ ಸ್ಥಳಕ್ಕೆ ಹೋಗಿ, ಹೋಗದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ. ಸುರಕ್ಷಿತ ಸ್ಥಳ ಯಾವುದು ಅಂತ ಮಾತ್ರ ಬರೆದಿರುವುದಿಲ್ಲ. ಒಂದು ವರ್ಷ ನಾನೇ ಅದನ್ನು ಓದಿ ಕನ್ನಡದಲ್ಲಿ ಹೇಳಿದೆ. ಆ ತಾಯಿ ಕೇಳಿಸಿಕೊಂಡು ಅಂದರು: "ಎಲ್ಲಿ ಹೋಗೂದ್ರಿ ಸರ? ಕೆಳಗ ಹೋದ್ರ ನೀರು, ಮ್ಯಾಲಿದ್ರ ಗುಡ್ಡ."

ಅವರು ಹೇಳಿದ್ದು ಮುಂಬಯಿಯ ಭೂಗೋಳ. ನಾವಿರುವುದು ದ್ವೀಪದಲ್ಲಿ ಅನ್ನುವುದನ್ನೇ ನಾವು ಮರೆತುಬಿಡುತ್ತೇವೆ, ಅಲ್ವಾ? ದಕ್ಷಿಣಕ್ಕೆ ಏಳು ನಡುಗಡ್ಡೆಗಳ ನಡುವೆ ಮಣ್ಣು ತುಂಬಿ ಕಟ್ಟಿದ ಹಳೆಯ ಪಟ್ಟಣ. ಉತ್ತರಕ್ಕೆ ಸಾಷ್ಟಿ ದ್ವೀಪ. ಸುತ್ತ ಸಮುದ್ರ ಮತ್ತು ಖಾಡಿ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ನೀರು. ನಡುವೆ ಬೊರಿವಲಿಯ ಕಾಡಿನಿಂದ ಪವಯಿ, ಭಾಂಡುಪ್, ಘಾಟ್‌ಕೋಪರ್ ತನಕ ಗುಡ್ಡಗಳು. ಆಚೆ ಚೆಂಬೂರು, ಟ್ರಾಂಬೆ ಗುಡ್ಡ. ಗುಡ್ಡದ ಮೇಲೆ ಬಿದ್ದ ಮಳೆ ಕೆಲವೇ ಕಿಲೋಮೀಟರ್ ಓಡಿ ಸಮುದ್ರ ಸೇರಬೇಕು. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟುವ ಮೀಠಿ ನದಿಯ ಉದ್ದ 18 ಕಿ.ಮೀ. ಕೂಡ ಇಲ್ಲ. ಸಮುದ್ರ ಉಬ್ಬರದಲ್ಲಿದ್ದರೆ ಮಾಹಿಮ್ ಖಾಡಿಯ ಬಾಯಿ ಮುಚ್ಚಿದ ಹಾಗೆ. ಹೊರಗೆ ಹೋಗಬೇಕಾದ ನೀರು ಕುರ್ಲಾ, ಸಾಯನ್, ಕಲೀನಾದಲ್ಲೇ ನಿಲ್ಲುತ್ತದೆ.

2005ರ ಜುಲೈ 26 ನಿಮಗೆಲ್ಲ ನೆನಪಿರುತ್ತದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ. ಅದೇ ಹೊತ್ತಿಗೆ ಕೊಲಾಬಾದಲ್ಲಿ 75 ಮಿ.ಮೀ. ಕೂಡ ಇರಲಿಲ್ಲ. ಮಧ್ಯಾಹ್ನ ನಾಲ್ಕೂವರೆ ಮೀಟರಿನಷ್ಟು ಉಬ್ಬರ. ನಾನು ಆ ರಾತ್ರಿಯನ್ನು ಅರವತ್ತು ಮಕ್ಕಳ ಜೊತೆ ಶಾಲೆಯ ಮೊದಲ ಮಾಳಿಗೆಯಲ್ಲಿ ಕಳೆದೆ. ಪಕ್ಕದ ಉಡುಪಿ ಹೋಟೆಲಿನವರು ಸೊಂಟದ ಮಟ್ಟದ ನೀರಿನಲ್ಲಿ ಇಡ್ಲಿ ಡಬ್ಬಿ ಹೊತ್ತು ತಂದುಕೊಟ್ಟರು. ಅವರ ಋಣ ನಾನು ಮರೆತಿಲ್ಲ. ಆದರೆ ಆ ದಿನದ ಮಾತು ಬಂದಾಗ ನಾವೆಲ್ಲ ನೀರಿನ ಕತೆ ಹೇಳುತ್ತೇವೆ. ಅದೇ ದಿನ ಸಾಕಿನಾಕಾದಲ್ಲಿ ಗುಡ್ಡ ಜಾರಿ 70ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಅದರ ಕತೆ ಹೇಳುವವರು ಕಡಿಮೆ.

ಅದಕ್ಕೂ ಐದು ವರ್ಷ ಮೊದಲು, 2000ದ ಜುಲೈ 12ರಂದು, ಘಾಟ್‌ಕೋಪರಿನಲ್ಲಿ ಗುಡ್ಡ ಬಿದ್ದು ಸತ್ತವರು 70ರ ಆಸುಪಾಸು. 2019ರ ಜುಲೈ 2ರಂದು ನಡುರಾತ್ರಿ ಕಳೆದ ಮೇಲೆ ಮಾಲಾಡಿನ ಗುಡ್ಡದಲ್ಲಿ ನೀರಿನ ಟಾಕಿಯ ಕಾಂಪೌಂಡ್ ಗೋಡೆ ಒಡೆಯಿತು. ಗೋಡೆಯ ಹಿಂದೆ ಕಟ್ಟಿಕೊಂಡಿದ್ದ ನೀರು, ಮಣ್ಣು, ಗೋಡೆಯ ತುಂಡು ಎಲ್ಲ ಒಟ್ಟಿಗೆ ಕೆಳಗಿನ ಪಿಂಪ್ರಿಪಾಡಾದ ಮೇಲೆ ಬಂತು. 30ರಷ್ಟು ಜನ ಹೋದರು. 2021ರ ಜುಲೈ 18, ಭಾನುವಾರ. ಒಂದೇ ರಾತ್ರಿಯ ಮಳೆಗೆ ಚೆಂಬೂರಿನ ಭಾರತ್ ನಗರದಲ್ಲಿ ಗೋಡೆ ಕುಸಿದು 19 ಜನ, ವಿಖ್ರೋಳಿಯ ಸೂರ್ಯನಗರದಲ್ಲಿ ಗುಡ್ಡ ಜಾರಿ 10 ಜನ. ಅದೇ ರಾತ್ರಿ ಭಾಂಡುಪಿನ ನೀರು ಶುದ್ಧೀಕರಣ ಘಟಕಕ್ಕೆ ನೀರು ನುಗ್ಗಿ ಊರಿನ ಬಹುಭಾಗಕ್ಕೆ ನಲ್ಲಿ ನೀರು ನಿಂತಿತು. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಪೂರ್ತಿ ನಲ್ಲಿಯದೇ ಮಾತು. ಸೂರ್ಯನಗರ ನಮ್ಮ ಮನೆಯಿಂದ ಮೂರು ಕಿಲೋಮೀಟರ್ ಇಲ್ಲ.

ಮಾಲಾಡ್, ಚೆಂಬೂರು, ವಿಖ್ರೋಳಿಯ ಸಾವುಗಳು ರಾತ್ರಿಯವು. ಜನ ಮಲಗಿದ್ದಾಗ ಆದವು. ಇದನ್ನು ದಯವಿಟ್ಟು ಗಮನದಲ್ಲಿಡಿ. ನಾನು ಮುಂದೆ ಕೇಳುವುದಕ್ಕೂ ಇದಕ್ಕೂ ಸಂಬಂಧ ಇದೆ.

ಗುಡ್ಡ ಯಾಕೆ ಜಾರುತ್ತದೆ? ಮುಂಬಯಿಯ ಗುಡ್ಡದ ಒಳಗಿರುವುದು ಗಟ್ಟಿ ಕಪ್ಪು ಕಲ್ಲು. ಮೇಲೆ ಬಿಸಿಲು ಮಳೆಗೆ ಸವೆದ ಮೊರಮ್, ಅದರ ಮೇಲೆ ತೆಳ್ಳಗಿನ ಮಣ್ಣು. ಎರಡು ಮೂರು ದಿನ ಬಿಡದೆ ಮಳೆ ಬಂದರೆ ಮೇಲಿನ ಪದರ ನೀರು ಕುಡಿದು ಭಾರವಾಗುತ್ತದೆ. ಕೆಳಗಿನ ಕಲ್ಲು ನೀರು ಕುಡಿಯುವುದಿಲ್ಲ. ಆಮೇಲೆ ಒಂದು ಗಂಟೆ ಜೋರು ಮಳೆ ಸಾಕು. ಮನೆಗೆ ಜಾಗ ಬೇಕೆಂದು ಗುಡ್ಡದ ಕಾಲು ಕಡಿದಿರುತ್ತೇವೆ. ಬಚ್ಚಲ ನೀರು, ಶೌಚಾಲಯದ ನೀರು ವರ್ಷವಿಡೀ ಅದೇ ಮಣ್ಣಿಗೆ ಇಂಗುತ್ತಿರುತ್ತದೆ. ನೀರು ಇಳಿಯುತ್ತಿದ್ದ ಹಳ್ಳದಲ್ಲಿ ಕಸ ತುಂಬಿರುತ್ತದೆ, ಅದರ ಮೇಲೆ ಮತ್ತೊಂದು ಮನೆ ಬಂದಿರುತ್ತದೆ. ಆಗ ಬರೀ ಮಣ್ಣು ಬೀಳುವುದಿಲ್ಲ. ಮಣ್ಣು, ನೀರು, ಬಂಡೆ, ತಗಡು, ಕಸ ಎಲ್ಲ ಕಲಸಿಕೊಂಡು ಹರಿದುಬರುತ್ತದೆ. ಗಾರೆ ಕೆಲಸದ ಒಬ್ಬರು ನನಗೆ ಅವರದೇ ಮಾತಿನಲ್ಲಿ ಹೇಳಿದರು: "ಸ್ಲ್ಯಾಬ್ ಹಾಕುವಾಗ ಮಿಕ್ಸರಿಂದ ಮಾಲ್ ಹೆಂಗ ಇಳೀತದ, ಹಂಗ ಬಂತ್ರಿ. ಓಡಾಕ ಟೈಮ್ ಎಲ್ಲೈತಿ?" ಅವರ ಅಣ್ಣನ ಮನೆ ಹೋದದ್ದು ಹಾಗೆ.

ಮುಂಬಯಿ ಗುಡ್ಡಗಳ ಇಂಥ ಮನೆಗಳು ಎಷ್ಟಿವೆ ಅಂತ ಸರಕಾರಕ್ಕೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. 2010ರ ಸಮೀಕ್ಷೆಯಲ್ಲೇ 327 ಜಾಗಗಳಲ್ಲಿ 22,000ಕ್ಕೂ ಹೆಚ್ಚು ಮನೆಗಳನ್ನು ಲೆಕ್ಕ ಹಾಕಿದ್ದರು. ಆಮೇಲೆ ನೀರಿಗಾಗಿ ಬೇಕಾದಷ್ಟು ಕೆಲಸ ಆಯಿತು. ಹಾಜಿ ಅಲಿ, ಇರ್ಲಾ, ವರ್ಲಿಯಲ್ಲಿ ದೊಡ್ಡ ಪಂಪಿಂಗ್ ಸ್ಟೇಷನ್‌ಗಳು ಬಂದವು. ಗಂಟೆಗೆ 25 ಮಿ.ಮೀ. ಮಳೆಗೆ ಅಂತ ಕಟ್ಟಿದ್ದ ಬ್ರಿಟಿಷರ ಕಾಲದ ಗಟಾರಗಳನ್ನು 50 ಮಿ.ಮೀ.ಗೆ ದೊಡ್ಡದು ಮಾಡುವ ಕೆಲಸ ನಡೆದಿದೆ. 2020ರಲ್ಲಿ ಐಫ್ಲೋಸ್ ಅನ್ನುವ ಪ್ರವಾಹ ಮುನ್ಸೂಚನೆ ವ್ಯವಸ್ಥೆ ಶುರುವಾಯಿತು. ಇದೆಲ್ಲ ಬೇಕಿತ್ತು, ನಾನು ಬೇಡ ಅನ್ನುವುದಿಲ್ಲ. ಗುಡ್ಡದವರ ಪಾಲಿಗೆ ಮಾತ್ರ ಬಂದದ್ದು ಹೆಚ್ಚಾಗಿ ತಡೆಗೋಡೆ ಮತ್ತು ನೋಟಿಸು. ಆ ತಡೆಗೋಡೆಗಳನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದಿನ ನೀರು ಹೊರಬರಲು ಬಿಟ್ಟ ಪೈಪಿನ ತೂತುಗಳಲ್ಲಿ ಪ್ಲಾಸ್ಟಿಕ್ ಚೀಲ, ಗುಟ್ಕಾ ಪೊಟ್ಟಣ, ಮಣ್ಣು. ಒಂದು ಗೋಡೆಯಲ್ಲಿ ನಾನು ಎಣಿಸಿದ ಇಪ್ಪತ್ತೊಂದು ತೂತುಗಳಲ್ಲಿ ನೀರು ಬರುತ್ತಿದ್ದದ್ದು ನಾಲ್ಕರಲ್ಲಿ. ನೀರು ಹೊರಗೆ ಬಾರದ ತಡೆಗೋಡೆ ಏನು ಮಾಡುತ್ತದೆ ಅಂತ ಮಾಲಾಡಿನವರು ನೋಡಿದ್ದಾರೆ.

ಈಗ ನಿಮಗೆ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು.

ಕೆಲವು ವರ್ಷದ ಹಿಂದೆ ಜುಲೈನ ಒಂದು ಸಂಜೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತ್ತು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಒಸರು ನೀರು ಕೆಂಪಾಗಿದೆ ಅಂತ ಆ ತಾಯಿಯ ಮಗ ಫೋನ್ ಮಾಡಿದ. ನಾನು ಮತ್ತು ಇಬ್ಬರು ಹಳೆಯ ವಿದ್ಯಾರ್ಥಿಗಳು ಮೇಲೆ ಹೋಗಿ ಒಂಬತ್ತು ಮನೆಯವರನ್ನು ಒಪ್ಪಿಸಿ ಕೆಳಗೆ ಕರೆತಂದೆವು. ಒಪ್ಪಿಸಲು ಎರಡು ಗಂಟೆ ಬೇಕಾಯಿತು. ಮೂವತ್ತೆಂಟು ಜನ. ಅದರಲ್ಲಿ ಹದಿನಾಲ್ಕು ಮಕ್ಕಳು, ಒಬ್ಬಳು ತುಂಬು ಗರ್ಭಿಣಿ. ಹತ್ತು ನಿಮಿಷ ನಡೆದರೆ ನಮ್ಮವರದೇ ಒಂದು ಸಂಘದ ಸಭಾಗೃಹ ಇದೆ. ಯಾವ ಸಂಘ ಅಂತ ಹೇಳುವುದಿಲ್ಲ. ಹೆಸರು ಹೇಳಿ ಯಾರನ್ನೂ ನೋಯಿಸಲು ಈ ಪತ್ರ ಬರೆಯುತ್ತಿಲ್ಲ. ಪದಾಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಮರುದಿನ ಒಂದು ಸಮಾರಂಭಕ್ಕೆ ಹಾಲ್ ಬುಕ್ ಆಗಿದೆ, ಕಾರ್ಪೆಟ್ ಹಾಸಿದೆ, ಕಮಿಟಿಯನ್ನು ಕೇಳದೆ ಬೀಗ ತೆಗೆಯಲು ಆಗುವುದಿಲ್ಲ ಅಂದರು. ಅವರು ಕೆಟ್ಟವರಲ್ಲ. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದವರು. ರಾತ್ರಿ ಹತ್ತೂವರೆಗೆ ಯಾರನ್ನು ಕೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ.

ಮೂವತ್ತೆಂಟು ಜನ ಆ ರಾತ್ರಿ ಬಸ್ ಸ್ಟಾಪಿನಲ್ಲೂ ಅದರ ಪಕ್ಕದ ಮುಚ್ಚಿದ ಅಂಗಡಿಗಳ ಜಗಲಿಯಲ್ಲೂ ಕೂತರು. ಆ ಗರ್ಭಿಣಿಗೆ ಕೂರಲು ಹಾಲಿನ ಕ್ರೇಟ್ ಬೋರಲು ಹಾಕಿದೆವು. ಹೆಂಗಸರು ಬೆಳಗಾಗುವ ತನಕ ಶೌಚಕ್ಕೆ ಹೋಗದೆ ತಡೆದುಕೊಂಡರು. ಒಬ್ಬ ಹುಡುಗ ಶಾಲೆಯ ಚೀಲವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಮಾಡಿದ್ದ.

ಆ ರಾತ್ರಿ ಗುಡ್ಡ ಬೀಳಲಿಲ್ಲ. ಬೆಳಿಗ್ಗೆ ಎಲ್ಲರೂ ಮೇಲೆ ಹೋದರು. ಎರಡು ಮನೆಗಳ ಬೀಗ ಒಡೆದಿತ್ತು. ಒಂದರಿಂದ ಗ್ಯಾಸ್ ಸಿಲಿಂಡರ್, ಇನ್ನೊಂದರಿಂದ ಮಿಕ್ಸಿ ಹೋಗಿತ್ತು. ಎಂಟು ಗಂಡಸರು ಆ ದಿನದ ಕೂಲಿ ಕಳೆದುಕೊಂಡರು. ಮುಂದಿನ ತಿಂಗಳು ಮತ್ತೆ ರೆಡ್ ಅಲರ್ಟ್ ಬಂದಾಗ ನಾನು ಮೇಲೆ ಹೋದೆ. ಆ ತಾಯಿ ಚಹಾ ಕೊಟ್ಟರು. ಆಮೇಲೆ ಅಂದರು: "ಸರ, ನೀವು ಕರದ್ರಿ ಅಂತ ಒಮ್ಮೆ ಬಂದ್ವಿ. ಬೀದ್ಯಾಗ ಕೂತ್ವಿ. ಇನ್ನೊಮ್ಮೆ ಬರಂಗಿಲ್ರಿ. ಸಾಯೂದಿದ್ರ ಮನ್ಯಾಗ ಸಾಯ್ತೀವಿ." ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಉತ್ತರ ನಿಮ್ಮ ಬಳಿ ಇದೆ ಅನ್ನುವ ನಂಬಿಕೆಯಿಂದಲೇ ಈ ಪತ್ರ.

ಎಚ್ಚರಿಕೆ ಕೊಟ್ಟ ಪ್ರತಿ ಸಲವೂ ಗುಡ್ಡ ಬೀಳುವುದಿಲ್ಲ. ಹತ್ತು ಸಲ ಕೆಳಗೆ ಬಂದರೆ ಒಂದು ಸಲ ಬೀಳಬಹುದು. ಉಳಿದ ಒಂಬತ್ತು ರಾತ್ರಿ ಸುಮ್ನೆ ಬಂದ ಹಾಗೆ ಅನಿಸುತ್ತದೆ. ಆ ಒಂಬತ್ತು ರಾತ್ರಿ ಮರ್ಯಾದೆಯಿಂದ ಮಲಗಲು ಜಾಗ ಇದ್ದರೆ ಮಾತ್ರ ಜನ ಹತ್ತನೆಯ ಸಲ ಬರುತ್ತಾರೆ.

ಹಾಗಾಗಿ ನಾನು ಕೇಳುವುದು ಮೊದಲು ಇಷ್ಟು. ಗುಡ್ಡಗಳ ಹತ್ತಿರ ಸಭಾಗೃಹ, ಶಾಲೆ, ಕಚೇರಿ ಇರುವ ಪ್ರತಿ ಸಂಘವೂ ಈ ಮೇ ತಿಂಗಳಲ್ಲೇ ಒಂದು ಠರಾವು ಪಾಸು ಮಾಡಲಿ: ರೆಡ್ ಅಲರ್ಟ್ ಇರುವ ರಾತ್ರಿ ಯಾರನ್ನೂ ಕೇಳದೆ ಬೀಗ ತೆಗೆಯಬಹುದು ಅಂತ. ಕೀಲಿ ವಾಚ್‌ಮನ್ ಬಳಿ ಇರಲಿ, ಹತ್ತಿರದ ಇನ್ನಿಬ್ಬರ ಬಳಿಯೂ ಇರಲಿ. ಅವರ ನಂಬರು ಗುಡ್ಡದವರಿಗೆ ಮೊದಲೇ ಕೊಡೋಣ. ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯದಲ್ಲಿ ದೀಪ, ಕುಡಿಯುವ ನೀರು, ಬೆಳಿಗ್ಗೆ ಚಹಾ. ಜಮಖಾನ ನಮ್ಮ ಎಲ್ಲ ಹಾಲ್‌ಗಳಲ್ಲೂ ಇವೆ. ವರ್ಷದಲ್ಲಿ ಐದಾರು ರಾತ್ರಿಯ ಮಾತು. ಕಾರ್ಪೆಟ್ ಒದ್ದೆಯಾದರೆ ಒಗೆಸುವ ಖರ್ಚು ನನ್ನ ಪೆನ್ಷನ್‌ನಿಂದ ಕೊಡುತ್ತೇನೆ, ಇದನ್ನು ನಿಜವಾಗಿಯೇ ಹೇಳುತ್ತಿದ್ದೇನೆ. ಭಾಷೆ ನೋಡಿ ಒಳಗೆ ಬಿಡುವುದೂ ಬೇಡ. ನಮ್ಮವರ ಪಕ್ಕದ ಮನೆಯಲ್ಲಿ ಮರಾಠಿಯವರು, ಉತ್ತರ ಪ್ರದೇಶದವರು, ತಮಿಳರು ಇದ್ದಾರೆ. ಗುಡ್ಡ ಬಂದರೆ ಎಲ್ಲರ ಮೇಲೂ ಬರುತ್ತದೆ.

ಇನ್ನೊಂದು, ಕಾಗದಪತ್ರ. ಇವರು ಮನೆ ಬಿಟ್ಟು ಬಾರದಿರಲು ಸಿಲಿಂಡರಿಗಿಂತ ದೊಡ್ಡ ಕಾರಣ ಇದೇ. 2000ದ ಜನವರಿ 1ಕ್ಕೆ ಮೊದಲಿನಿಂದ ಅಲ್ಲಿದ್ದೇವೆ ಅಂತ ತೋರಿಸಿದರೆ ಉಚಿತ ಪುನರ್ವಸತಿಯ ಹಕ್ಕು, 2011ರ ತನಕ ಬಂದವರಿಗೆ ದುಡ್ಡು ಕಟ್ಟಿದರೆ ಮನೆ. ಅದನ್ನು ತೋರಿಸುವುದು ಹಳೆಯ ಲೈಟ್ ಬಿಲ್, ರೇಷನ್ ಕಾರ್ಡ್, ಫೋಟೋಪಾಸ್ ಅನ್ನುವ ಸರಕಾರಿ ಗುರುತಿನ ಚೀಟಿ. ಅವು ಹೋದರೆ ಇಪ್ಪತ್ತೈದು ವರ್ಷ ಹೋದ ಹಾಗೆ. ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಎರಡು ಭಾನುವಾರ ಮೇಲೆ ಬಂದು ಎಲ್ಲರ ಕಾಗದಪತ್ರ ಸ್ಕ್ಯಾನ್ ಮಾಡಿಕೊಡಿ. ಮೂಲ ಪ್ರತಿಗಳಿಗೆ ನೀರು ತಾಗದ ಪ್ಲಾಸ್ಟಿಕ್ ಫೈಲ್ ಕೊಡಿ. ಅದು ಕೈಯಲ್ಲಿದ್ದರೆ ಇವರು ಅರ್ಧ ಗಂಟೆ ಮೊದಲೇ ಕೆಳಗೆ ಇಳಿಯುತ್ತಾರೆ.

ಪಾಲಿಕೆಯ ಮುಂದೆ ಕೇಳಬೇಕಾದದ್ದೂ ಇದೆ. ಅದು ನನ್ನೊಬ್ಬನ ಸಹಿಯಿಂದ ಆಗುವುದಿಲ್ಲ, ನಿಮ್ಮ ಲೆಟರ್‌ಹೆಡ್ ಬೇಕು. ನಗರಕ್ಕೆಲ್ಲ ಒಂದೇ ರೆಡ್ ಅಲರ್ಟ್ ಸಾಲದು. 2005ರಲ್ಲಿ ಕೊಲಾಬಾಕ್ಕೂ ಸಾಂತಾಕ್ರೂಜ್‌ಗೂ ಎಷ್ಟು ವ್ಯತ್ಯಾಸ ಇತ್ತು ಅಂತ ಮೇಲೆ ಹೇಳಿದೆ. ಗುಡ್ಡದ ಮೇಲೇ ಮಳೆಮಾಪಕ ಇಟ್ಟು, ಇಷ್ಟು ಮಳೆಯಾದರೆ ಮನೆ ಬಿಡಿ ಅಂತ ಸೈರನ್ ಮತ್ತು ಫೋನಿನಲ್ಲಿ ದನಿ ಸಂದೇಶ ಬರಬೇಕು. ಕನ್ನಡದಲ್ಲೂ ಬರಬೇಕು. ಓದಲು ಬಾರದವರು ನೋಟಿಸು ಏನು ಮಾಡಬೇಕು? ಶ್ರೀಲಂಕಾ ದೊಡ್ಡ ಶ್ರೀಮಂತ ದೇಶವೇನಲ್ಲ. ಅಲ್ಲಿ 24 ಗಂಟೆಯಲ್ಲಿ 75 ಮಿ.ಮೀ. ದಾಟಿದರೆ ಎಚ್ಚರವಾಗಿರಿ, 100 ದಾಟಿದರೆ ಹೊರಡಲು ಸಿದ್ಧರಾಗಿ, 150 ದಾಟಿದರೆ ಮನೆ ಬಿಡಿ ಅಂತ ಗುಡ್ಡದ ಜನರಿಗೆ ಹೇಳಿಕೊಟ್ಟಿದ್ದಾರೆ. ಹಾಂಗ್‌ಕಾಂಗ್ ನಮ್ಮ ಹಾಗೇ ಗುಡ್ಡ, ಸಮುದ್ರ, ಇಕ್ಕಟ್ಟು ಮನೆಗಳ ಊರು. 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಗುಡ್ಡ ಜಾರಿ ಅಲ್ಲಿ 138 ಜನ ಸತ್ತರು. 1976ರಲ್ಲಿ ಮತ್ತೆ ಆಯಿತು. 1977ರಲ್ಲಿ ಗುಡ್ಡದ ಇಳಿಜಾರು ನೋಡಿಕೊಳ್ಳಲೆಂದೇ ಒಂದು ಕಚೇರಿ ಮಾಡಿದರು. ಇವತ್ತು ಅಲ್ಲಿ ಜನ ಕಡಿದ ಸುಮಾರು 60,000 ಇಳಿಜಾರುಗಳ ಪಟ್ಟಿ ಇದೆ. ಒಂದೊಂದಕ್ಕೂ ಒಂದು ನಂಬರಿನ ಫಲಕ. ಆ ನಂಬರಿನಿಂದ ಅದನ್ನು ಯಾರು ನೋಡಿಕೊಳ್ಳಬೇಕು ಅಂತ ತಿಳಿಯುತ್ತದೆ. ನಮ್ಮ ಗುಡ್ಡದಲ್ಲಿ ಒಂದು ತಡೆಗೋಡೆಯ ತೂತು ಕಟ್ಟಿದೆ ಅಂತ ಹೇಳಲು ನಾನು ನಾಲ್ಕು ಕಚೇರಿ ಸುತ್ತಿದೆ. ನಾಲ್ಕರಲ್ಲೂ ಇದು ನಮ್ಮದಲ್ಲ ಅಂದರು. ಒಂದು ಫಲಕ ಇದ್ದಿದ್ದರೆ ಅಷ್ಟು ಸುತ್ತಬೇಕಾಗಿರಲಿಲ್ಲ.

ಇವರನ್ನೆಲ್ಲ ಅಲ್ಲಿಂದ ಎಬ್ಬಿಸಿಬಿಡಿ ಅಂತ ಹೇಳುವವರು ನಮ್ಮ ನಡುವೆಯೂ ಇದ್ದಾರೆ. ಬೇರೆ ಮನೆ ಕೊಟ್ಟರೆ ಇವರೇ ಮೊದಲು ಇಳಿಯುತ್ತಾರೆ. ಯಾರಿಗೂ ಗುಡ್ಡದ ಮೇಲೆ ಆಸೆ ಇಲ್ಲ. ಆದರೆ ಮಾಹುಲ್‌ಗೆ ಕಳಿಸಿದವರ ಪಾಡು ಇವರು ಕೇಳಿದ್ದಾರೆ. ಎಣ್ಣೆ ಶುದ್ಧೀಕರಣ ಘಟಕಗಳ ಪಕ್ಕದ ಆ ಕಟ್ಟಡಗಳಿಗೆ ಯಾರನ್ನೂ ಬಲವಂತವಾಗಿ ಕಳಿಸಬಾರದು ಅಂತ 2019ರಲ್ಲಿ ಬಾಂಬೆ ಹೈಕೋರ್ಟೇ ಹೇಳಬೇಕಾಯಿತು. ಕೆಲಸದ ನಾಕಾ ಮತ್ತು ಮಕ್ಕಳ ಶಾಲೆ ಹತ್ತಿರ ಇರುವ ಕಡೆ ಮನೆ ಕೊಡಿ ಅನ್ನುವುದನ್ನೂ ನಮ್ಮ ಮನವಿಯಲ್ಲಿ ಸೇರಿಸಬೇಕು. ಅದು ಆಗಲು ವರ್ಷಗಳೇ ಬೇಕು. ಬೀಗ ತೆಗೆಯಲು ಒಂದು ಸಭೆ ಸಾಕು.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ನಮ್ಮವರು ಅಕ್ಕಿ, ಹೊದಿಕೆ, ಔಷಧ ಒಟ್ಟು ಮಾಡಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನೂ ಶಾಲೆಯ ಅಂಗಳದಲ್ಲಿ ಗಂಟು ಕಟ್ಟಿದ್ದೇನೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದಾಗ ಎಷ್ಟೋ ಜನ ರಾತ್ರಿ ಟಿವಿ ಮುಂದಿನಿಂದ ಏಳಲಿಲ್ಲ. ಆ ಮನಸ್ಸು ನಮ್ಮಲ್ಲಿದೆ. ಅದು ಇಲ್ಲಿಯ ಗುಡ್ಡದ ತನಕ ಬರಲಿ ಅಂತ ಕೈಮುಗಿದು ಕೇಳುತ್ತೇನೆ.

ಹೊತ್ತು ಜಾಸ್ತಿ ಇಲ್ಲ. 2025ರಲ್ಲಿ ಮೇ 26ಕ್ಕೇ ಮುಂಬಯಿಗೆ ಮಳೆಗಾಲ ಬಂದುಬಿಟ್ಟಿತ್ತು. ಜೂನಿನಲ್ಲಿ ನೋಡೋಣ ಅನ್ನಬೇಡಿ. ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆ ನೂರಾ ಎಂಬತ್ತು ಮೆಟ್ಟಿಲಿನ ಕೆಳಗೆ, ಚಹಾ ಅಂಗಡಿಯ ಬಳಿ ಇರುತ್ತೇನೆ. ಎಲ್ಲಿ ಅಂತ ನನ್ನ ಹಳೆಯ ವಿದ್ಯಾರ್ಥಿಗಳು ನಿಮಗೆ ಫೋನ್ ಮಾಡಿ ಹೇಳುತ್ತಾರೆ. ಒಂದು ಸಂಘದಿಂದ ಒಬ್ಬರು ಬಂದರೂ ಸಾಕು. ಬಿಸಿಲು ಏರುವ ಮೊದಲು ಹತ್ತಿ ಆ ಒಂಬತ್ತು ಮನೆ ನೋಡೋಣ, ಗೋಡೆಯ ತೂತುಗಳನ್ನು ನೋಡೋಣ. ಆ ತಾಯಿಯ ಮನೆಯಲ್ಲಿ ಚಹಾ ಕುಡಿಯೋಣ. ಅವರಿಗೆ ಯಾವ ಹಾಲ್, ಕೀಲಿ ಯಾರ ಬಳಿ ಅಂತ ಅವತ್ತೇ ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ಇನ್ನು ಅವರು ನಂಬುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಮಾಸ್ತರ, ಘಾಟ್‌ಕೋಪರ್